ದುಬಾರಿ ರೀಲಿಗೆ ದುಡ್ಡು ಹಾಕಬೇಕಾ? ಗಾಳ ಹಾಕುವವರಿಗೆ ಒಂದು ಲೆಕ್ಕ

ಗಂಗೊಳ್ಳಿ ಅಳಿವೆಯ ಕಲ್ಲುಗಳ ಮೇಲೆ ನಿಂತು ಗಾಳ ಹಾಕುವುದನ್ನು ಕಲಿತವನು ನಾನು. ಮೊದಲ ರೀಲಿಗೆ, ಅಂದರೆ ರಾಡಿಗೆ ಕೂರಿಸಿ ಗಾಳದ ದಾರ ಸುತ್ತುವ ಯಂತ್ರಕ್ಕೆ, ಕೊಟ್ಟದ್ದು 900 ರೂಪಾಯಿ. ಡಬ್ಬದ ಮೇಲೆ ಚಿನ್ನದ ಬಣ್ಣದಲ್ಲಿ '13 ಬೇರಿಂಗ್' ಅಂತ ದೊಡ್ಡದಾಗಿ ಬರೆದಿತ್ತು. ಹಿಡಿ ತಿರುಗಿಸಿದರೆ ಬೆಣ್ಣೆ ಹಾಗೆ ಓಡುತ್ತಿತ್ತು. ಎರಡು ತಿಂಗಳು ಏನೂ ತೊಂದರೆ ಇರಲಿಲ್ಲ.

ಮೂರನೇ ತಿಂಗಳ ಒಂದು ಸಂಜೆ, ನೀರು ಏರುವ ಹೊತ್ತು, ಸಿಗಡಿ ಸಿಕ್ಕಿಸಿದ ಗಾಳಕ್ಕೆ ಏನೋ ದೊಡ್ಡದು ಹೊಡೆಯಿತು. ಕೆಂಬೇರಿಯೇ ಇರಬೇಕು. ಕಚ್ಚಿದ ಕೂಡಲೇ ಕಲ್ಲಿನ ಸಂದಿಗೆ ನುಗ್ಗುವ ಚಾಳಿ ಅದರದ್ದೇ. ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ಲೈನನ್ನು ಹದವಾಗಿ ಬಿಡುವ ಬ್ರೇಕು, ಸಡಿಲವಾಗಿಯೇ ಇಟ್ಟಿದ್ದೆ. ಆದರೂ ಲೈನು ಬಿಡಲಿಲ್ಲ. ರಾಡು ಬಿಲ್ಲಿನ ಹಾಗೆ ಬಾಗಿತು, ಒಂದು ಕ್ಷಣ ಎಲ್ಲವೂ ನಿಂತಂತಾಯಿತು, ಆಮೇಲೆ ಠಪ್. ಮನೆಗೆ ಬಂದು ಲೈನು ಸುತ್ತಿದ ಉರುಳೆ, ಅಂದರೆ ಸ್ಪೂಲ್, ಬಿಚ್ಚಿ ನೋಡಿದರೆ ಡ್ರ್ಯಾಗಿನ ಒಳಗಿದ್ದ ಫೆಲ್ಟ್ ಬಿಲ್ಲೆಗಳು ಉಪ್ಪು ಹಿಡಿದು, ಒಣಗಿ, ಲೋಹದ ಬಿಲ್ಲೆಗೆ ಅಂಟಿಕೊಂಡಿದ್ದವು. ಹದಿಮೂರು ಬೇರಿಂಗೂ ಸೇರಿ ಒಂದು ಮೀನು ಉಳಿಸಲಿಲ್ಲ.

ಪಕ್ಕದ ಕಲ್ಲಿನ ಮೇಲೆ ಒಬ್ಬರು ಅಜ್ಜ ದಿನಾ ಕೂರುತ್ತಿದ್ದರು. ಅವರ ಹತ್ತಿರ ರಾಡೂ ಇಲ್ಲ, ರೀಲೂ ಇಲ್ಲ. ಒಂದು ಪ್ಲಾಸ್ಟಿಕ್ ಬಾಟಲಿಗೆ ಸುತ್ತಿದ ತಂಗೂಸಿ, ಅಷ್ಟೇ. ನಾನು ಮುಂದೆ ರೋಷಕ್ಕೆ ಬಿದ್ದು ಜಾಸ್ತಿ ದುಡ್ಡಿನ ರೀಲು ತಂದಾಗ ಅದನ್ನು ತಿರುಗಿಸಿ ನೋಡಿ ಕೇಳಿದರು, "ಎಂತ ಮಾಣಿ, ಇಷ್ಟ್ ದುಡ್ಡ್ ಕೊಟ್ಟದ್ದ್ ಮೀನಿಗ್ ಗೊತ್ತಾತ್ತಾ?"

ಮೀನಿಗೆ ಗೊತ್ತಾಗುವುದಿಲ್ಲ, ನಿಜ. ಆದರೆ ಉಪ್ಪುನೀರಿಗೆ ಗೊತ್ತಾಗುತ್ತದೆ. ನನ್ನ ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ. ಕೆರೆ, ಹಿನ್ನೀರು, ಹೊಳೆಯಲ್ಲಿ ಹಿಡಿಯುವವರಿಗೆ ಎರಡೂವರೆಯಿಂದ ನಾಲ್ಕು ಸಾವಿರದ ಒಳಗೆ ಬೇಕಾದ್ದೆಲ್ಲ ಸಿಗುತ್ತದೆ. ಕಡಲ ದಡದಲ್ಲಿ ವಾರ ವಾರ ನಿಲ್ಲುವವರಿಗೆ ಏಳೆಂಟರಿಂದ ಹದಿನೈದು ಸಾವಿರದವರೆಗೆ ಕೊಟ್ಟ ದುಡ್ಡಿಗೆ ಬೆಲೆ ಇದೆ. ಅದರಿಂದ ಮೇಲಕ್ಕೆ ಹೋದಷ್ಟೂ ಕೊಡುವ ದುಡ್ಡು ಜಾಸ್ತಿ, ಸಿಗುವ ವ್ಯತ್ಯಾಸ ಕಡಿಮೆ. ನೀವು ಯಾವ ಮೆಟ್ಟಿಲಲ್ಲಿ ನಿಲ್ಲಬೇಕು ಅಂತ ನೀವೇ ಹೇಗೆ ಲೆಕ್ಕ ಹಾಕುವುದು? ಒಂದೊಂದಾಗಿ ನೋಡೋಣ.

ಮೊದಲ ಹೆಜ್ಜೆ: ಎಲ್ಲಿ, ಯಾವ ಮೀನು, ಎಷ್ಟು ಸಲ

ಅಂಗಡಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಮೂರು ಸಾಲು ಬರೆಯಿರಿ. ಕಳೆದ ಒಂದು ವರ್ಷದಲ್ಲಿ ಎಲ್ಲಿ ಗಾಳ ಹಾಕಿದೆ, ಯಾವ ಮೀನಿಗೆ ಹಾಕಿದೆ, ಎಷ್ಟು ಸಲ ಹೋದೆ. ಮುಂದಿನ ವರ್ಷ ಏನು ಮಾಡುತ್ತೇನೆ ಅಂತ ಬರೆಯಬೇಡಿ. ಮುಂದಿನ ವರ್ಷ ಎಲ್ಲರೂ ದೊಡ್ಡ ಮೀನಿಗೆ ಅಂಡಮಾನಿಗೆ ಹೋಗುವವರೇ.

ಇದು ತಮಾಷೆಗೆ ಹೇಳಿದ್ದಲ್ಲ. ದುಬಾರಿ ರೀಲು ಜಾಸ್ತಿ ಮಾರಾಟವಾಗುವುದೇ ಕನಸಿನ ಮೀನಿನ ಹೆಸರಲ್ಲಿ. ನಮ್ಮ ಕಡೆ ಆ ಕನಸಿನ ಹೆಸರು ಬಿಳಿಮೀನು, ಅಂದರೆ ಕಾವೇರಿಯ ಮಹಸೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಸೀರ್ ಹಿಡಿದಿದ್ದರು. ಆ ಕಥೆ ಕೇಳಿ ರೀಲು ಕೊಂಡವರು ನನಗೆ ಗೊತ್ತು. ಆದರೆ ಕಾವೇರಿಯ ಆ ಡುಬ್ಬದ ಮಹಸೀರ್ ಈಗ ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿದ್ದಾರೆ. ಕಾವೇರಿ ವನ್ಯಧಾಮದೊಳಗೆ ಗಾಳ ಹಾಕುವ ಹಾಗೂ ಇಲ್ಲ. ಅದಕ್ಕಾಗಿ ರೀಲು ಕೊಳ್ಳುವ ಲೆಕ್ಕವನ್ನು ಇಲ್ಲಿಗೇ ಬಿಡಿ.

ಇನ್ನು ನಿಜವಾಗಿ ಹಿಡಿಯುವ ಮೀನಿಗೆ ಬರೋಣ.

ಕೆರೆಯಲ್ಲಿ ರಾಗಿ ಹಿಟ್ಟಿನ ಉಂಡೆ ಅಥವಾ ಎರೆಹುಳು ಹಾಕಿ ಜಿಲೇಬಿ, ರೋಹು, ಕಾಟ್ಲಾ ಹಿಡಿಯುವವರಾದರೆ ರೀಲಿಗೆ ಕೆಲಸವೇ ಕಡಿಮೆ. ಒಂದು ಸಲ ಎಸೆದು, ರಾಡನ್ನು ಕವೆಗೆ ಆನಿಸಿ, ಬೆಂಡು ನೋಡುತ್ತಾ ಕೂರುವುದು. ಗಂಟೆಗೆ ನಾಲ್ಕು ಸಲ ರೀಲು ತಿರುಗಿದರೆ ಹೆಚ್ಚು. ಸಿಹಿನೀರು, ತುಕ್ಕಿನ ಭಯ ಇಲ್ಲ. ದೊಡ್ಡ ಕಾಟ್ಲಾ ಬಿದ್ದರೆ ಮಾತ್ರ ಡ್ರ್ಯಾಗ್ ಸರಿಯಾಗಿ ಬಿಡಬೇಕು. ಅಷ್ಟು ಮಾಡುವ ರೀಲು ಎರಡೂವರೆ, ಮೂರು ಸಾವಿರಕ್ಕೆ ಸಿಗುತ್ತದೆ.

ಕುಚ್ಚು ಮೀನಿನದ್ದು ಬೇರೆಯೇ ಕಥೆ. ರಬ್ಬರ್ ಕಪ್ಪೆಯನ್ನು ಜೊಂಡಿನ ಮೇಲೆ ಎಳೆದುಕೊಂಡು ಬರುವಾಗ ಅದು ಹಾರಿ ಹಿಡಿಯುತ್ತದೆ. ಹಿಡಿದ ಮೇಲೆ ಒಂದಡಿ ಲೈನು ಬಿಟ್ಟರೂ ಜೊಂಡಿನ ಬೇರಿಗೆ ಸುತ್ತಿಕೊಳ್ಳುತ್ತದೆ. ಹಾಗಾಗಿ ಅಲ್ಲಿ ಎಲ್ಲರೂ ಡ್ರ್ಯಾಗನ್ನು ಹೆಚ್ಚುಕಡಿಮೆ ಪೂರ್ತಿ ಬಿಗಿದೇ ಇಡುತ್ತಾರೆ. ಇಪ್ಪತ್ತು ಸಾವಿರದ ರೀಲಿನ ನಯವಾದ ಡ್ರ್ಯಾಗ್ ಅಲ್ಲಿ ಏನು ಮಾಡಬೇಕು ಹೇಳಿ? ಅಲ್ಲಿ ಬೇಕಾದ್ದು ಬಾಗದ ಮೈ, ಸವೆಯದ ಗೇರ್, ದಪ್ಪ ಬ್ರೇಡ್ ಲೈನು, ಅಂದರೆ ಎಳೆಗಳನ್ನು ಹೆಣೆದು ಮಾಡಿದ್ದು. ಮೂರರಿಂದ ಐದು ಸಾವಿರದ ಗಟ್ಟಿ ರೀಲು ಸಾಕು.

ಕಡಲ ದಡ, ಅಳಿವೆ, ಬಂಡೆ ಅಂದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಕಾಣೆ ಹಿಡಿಯಲು ಸಣ್ಣ ರೀಲಾದರೂ ನಡೆಯುತ್ತದೆ. ಕೊಕ್ಕರ್, ಕೆಂಬೇರಿ, ಮುರು ಅಂದರೆ ಹಾಗಲ್ಲ. ಕೊಕ್ಕರ್ ಬಯಲು ನೀರಿನಲ್ಲಿ ಓಡುತ್ತದೆ. ಒಂದೇ ಉಸಿರಿಗೆ ಐವತ್ತು ಮೀಟರ್ ಲೈನು ಎಳೆದುಕೊಂಡು ಹೋಗುತ್ತದೆ. ಅದರ ಜೊತೆಗೆ ಉಪ್ಪು, ಮರಳು, ಮೈಮೇಲೆ ಬೀಳುವ ಅಲೆ. ದುಡ್ಡು ಕೊಟ್ಟಿದ್ದಕ್ಕೆ ಅರ್ಥ ಬರುವ ಜಾಗ ಇದು.

ಎರಡನೇ ಹೆಜ್ಜೆ: ದುಡ್ಡು ರೀಲಿನ ಯಾವ ಭಾಗಕ್ಕೆ ಹೋಗುತ್ತದೆ ಅಂತ ತಿಳಿಯಿರಿ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಅಂಗಡಿಯವರು ತೋರಿಸುವುದು ಒಂದು, ನೀವು ನೋಡಬೇಕಾದ್ದು ಇನ್ನೊಂದು.

ಬೇರಿಂಗ್ ಲೆಕ್ಕವನ್ನು ಮೊದಲು ತಲೆಯಿಂದ ತೆಗೆಯಿರಿ. ಶಿಮಾನೊ ಕಂಪನಿಯ ಸಿಯೆನ್ನಾ ಅನ್ನುವ ಕಡಿಮೆ ಬೆಲೆಯ ರೀಲಿನಲ್ಲಿ '3+1' ಬೇರಿಂಗ್. ಅದೇ ಕಂಪನಿಯ ಸ್ಟೆಲ್ಲಾ ಅನ್ನುವ ತುದಿಮೆಟ್ಟಿಲ ರೀಲಿನಲ್ಲಿ '12+1', ಒಟ್ಟು ಹದಿಮೂರು. ಸ್ಟೆಲ್ಲಾ ಬೆಲೆ ಅಮೆರಿಕದಲ್ಲೇ 800 ಡಾಲರ್ ದಾಟುತ್ತದೆ. ಹಾಗಿದ್ದ ಮೇಲೆ 900 ರೂಪಾಯಿಗೆ 13 ಬೇರಿಂಗ್ ಕೊಡುವವನು ಎಂಥ ಬೇರಿಂಗ್ ಕೊಟ್ಟಾನು? ಕೆಲಸಕ್ಕೆ ಬೇಕಾದ ಜಾಗ ನಾಲ್ಕೈದು ಮಾತ್ರ. ದೊಡ್ಡ ಗೇರಿನ ಎರಡು ಬದಿ, ಪಿನಿಯನ್ ಅನ್ನುವ ಸಣ್ಣ ಗೇರ್, ಲೈನು ಹಾಯುವ ಸಣ್ಣ ರೋಲರ್. ಈ ರೋಲರ್ ತಿರುಗದಿದ್ದರೆ ಲೈನು ಉಜ್ಜಿ ಉಜ್ಜಿ ಸವೆಯುತ್ತದೆ, ತಿರುಚಿಕೊಳ್ಳುತ್ತದೆ. ಕಡಿಮೆ ಬೆಲೆಯ ರೀಲಿನಲ್ಲಿ ಉಪ್ಪಿಗೆ ಮೊದಲು ಕೂತುಹೋಗುವುದೂ ಅದೇ.

ಡ್ರ್ಯಾಗ್ ನೋಡಿ. ಸ್ಪೂಲಿನ ತಲೆಯ ಮೇಲಿನ ಗುಬ್ಬಿ ಬಿಚ್ಚಿದರೆ ಒಳಗೆ ಬಿಲ್ಲೆಗಳ ಒಂದು ಕಟ್ಟು ಇರುತ್ತದೆ. ಒಂದು ಲೋಹದ ಬಿಲ್ಲೆ, ಒಂದು ಉಜ್ಜುವ ಬಿಲ್ಲೆ, ಮತ್ತೆ ಲೋಹ. ಉಜ್ಜುವ ಬಿಲ್ಲೆ ಫೆಲ್ಟಿನದ್ದಾದರೆ ಎಣ್ಣೆ ಅಥವಾ ಗ್ರೀಸ್ ಇರುವಷ್ಟು ದಿನ ಚೆನ್ನಾಗಿ ಜಾರುತ್ತದೆ. ಸಣ್ಣ ಮೀನಿಗೆ ಅದು ಒಳ್ಳೆಯದೇ, ತುಂಬಾ ನಯ. ಒಣಗಿದರೆ ಕಚ್ಚಿಕೊಳ್ಳುತ್ತದೆ. ಕಾರ್ಬನ್ ಫೈಬರಿನದ್ದು ಬಿಸಿ ತಡೆಯುತ್ತದೆ, ಒತ್ತಿ ಚಪ್ಪಟೆಯಾಗುವುದಿಲ್ಲ. ಪೆನ್ ಕಂಪನಿಯವರು ಎಚ್‌ಟಿ-100 ಅಂತ ಹೆಸರಿಟ್ಟು ಮಾರುವುದು ಇದನ್ನೇ. ಡಬ್ಬದ ಮೇಲೆ 'ಗರಿಷ್ಠ ಡ್ರ್ಯಾಗ್ 10 ಕಿಲೋ' ಅಂತ ಇದ್ದರೆ ಮರುಳಾಗಬೇಡಿ. ನೀವು ಬಳಸುವುದು ಎರಡು ಕಿಲೋ. ಆ ಎರಡು ಕಿಲೋದಲ್ಲಿ ಜಗ್ಗದೆ, ತಡವರಿಸದೆ ಲೈನು ಬಿಡುತ್ತದೆಯೇ ಅನ್ನುವುದೊಂದೇ ಪ್ರಶ್ನೆ. ತಡವರಿಸಿದ ಆ ಅರೆಕ್ಷಣದಲ್ಲಿಯೇ ಲೈನು ಹೋಗುವುದು, ನನ್ನ ಕೆಂಬೇರಿಯ ಹಾಗೆ.

ಗೇರ್ ವಿಷಯ. ಅಗ್ಗದ್ದರಲ್ಲಿ ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದಿರುತ್ತಾರೆ. ಭಾರದ ಕೆಳಗೆ ಹಲ್ಲು ಸವೆದು ಒಂದು ವರ್ಷಕ್ಕೆ ಕಾಫಿ ಮಿಲ್ಲಿನ ಹಾಗೆ ಕರಕರ ಅನ್ನುತ್ತದೆ. ಮೇಲಿನ ಮೆಟ್ಟಿಲಿನಲ್ಲಿ ಅಲ್ಯೂಮಿನಿಯಂ ಒತ್ತಿ ಅಥವಾ ಹಿತ್ತಾಳೆ ಕಡೆದು ಮಾಡಿದ ಗೇರ್ ಇರುತ್ತದೆ. ಶಿಮಾನೊ ಶುರುವಾಗಿದ್ದೇ 1921ರಲ್ಲಿ, ಜಪಾನಿನ ಸಕಾಯ್ ಊರಲ್ಲಿ, ಸೈಕಲ್ಲಿನ ಹಿಂದಿನ ಚಕ್ರದ ಫ್ರೀವೀಲ್ ಮಾಡುವ ಕಂಪನಿಯಾಗಿ. ಮೀನಿನ ಸಾಮಾನಿಗೆ ಕೈ ಹಾಕಿದ್ದು 1970ರಲ್ಲಿ. ನಿಮ್ಮ ಮನೆಯ ಗೇರ್ ಸೈಕಲ್ಲಿನಲ್ಲೂ ಆ ಹೆಸರು ಇರಬಹುದು, ನೋಡಿ. ಹಲ್ಲು ಕೂರಿಸುವುದು ಅವರ ಹಳೇ ಕಸುಬು.

ಮೈ ಲೋಹದ್ದಾ ಪ್ಲಾಸ್ಟಿಕ್ಕಿನದ್ದಾ ಅನ್ನುವುದರ ಮೇಲೆ ದೊಡ್ಡ ಜಗಳವೇ ಇದೆ. ಸಣ್ಣ ಮೀನಿಗೆ ಎರಡೂ ಒಂದೇ. ಭಾರೀ ಎಳೆತಕ್ಕೆ ಅಗ್ಗದ ಪ್ಲಾಸ್ಟಿಕ್ ಮೈ ಕೂದಲೆಳೆಯಷ್ಟು ಬಾಗುತ್ತದೆ. ಆಗ ಗೇರಿನ ಹಲ್ಲುಗಳು ಸರಿಯಾಗಿ ಕೂರುವುದಿಲ್ಲ. ಡೈವಾ ಕಂಪನಿಯ ಜೈಯಾನ್, ಶಿಮಾನೊದ ಸಿಐ4+ ಅನ್ನುವ ಪ್ಲಾಸ್ಟಿಕ್ಕುಗಳು ಕಾರ್ಬನ್ ಬೆರೆಸಿದವು, ಹಗುರ ಮತ್ತು ಗಟ್ಟಿ. ಅದಕ್ಕೆ ತಕ್ಕ ಬೆಲೆ.

ನೀರು ತಡೆಯುವ ಸೀಲ್ ಕಡಲಿನವರಿಗೆ ಬಹಳ ಮುಖ್ಯ. ಪೆನ್ ಕಂಪನಿಯ ಸ್ಪಿನ್‌ಫಿಶರ್ 6 ಅನ್ನುವ ರೀಲಿನ ಮೇಲೆ 'ಐಪಿಎಕ್ಸ್5' ಅಂತ ಇರುತ್ತದೆ. ಮೊಬೈಲಿನಲ್ಲಿ ನೋಡುವ ಐಪಿ ಅಂಕಿಯೇ ಇದು. 5 ಅಂದರೆ ಪೈಪಿನಿಂದ ಚಿಮ್ಮುವ ನೀರನ್ನು ತಡೆಯುತ್ತದೆ ಎಂದು. ಮುಳುಗಿಸಿದರೂ ಏನೂ ಆಗುವುದಿಲ್ಲ ಅಂತಲ್ಲ. ಅದಕ್ಕೆ 7 ಬೇಕು. ಡೈವಾದವರು ಮ್ಯಾಗ್‌ಸೀಲ್ ಅಂತ ಆಯಸ್ಕಾಂತಕ್ಕೆ ಅಂಟುವ ಎಣ್ಣೆಯಿಂದಲೇ ಸಂದಿ ಮುಚ್ಚುತ್ತಾರೆ. ಜಾಣತನದ ಕೆಲಸ. ಆದರೆ ಮನೆಯಲ್ಲಿ ಬಿಚ್ಚಿ ಎಣ್ಣೆ ಬಿಡುವ ಅಭ್ಯಾಸ ಇರುವವರಿಗೆ ಅದು ತಲೆನೋವು. ಆ ಭಾಗವನ್ನು ನಾವು ಮುಟ್ಟುವ ಹಾಗಿಲ್ಲ.

ಇನ್ನು ಇಪ್ಪತ್ತು ಸಾವಿರದ ಮೇಲೆ ಏನು ಸಿಗುತ್ತದೆ? ಕೆಲವು ಹತ್ತು ಗ್ರಾಂ ತೂಕ ಕಡಿಮೆ, ಕೈಗೆ ಇನ್ನೂ ನಯ, ಇನ್ನೂ ಚೊಕ್ಕ ಮುಕ್ತಾಯ, ಮತ್ತೆ ಇನ್ನೂ ಹೆಚ್ಚು ಬಾಳಿಕೆ. ದಿನಕ್ಕೆ ಮುನ್ನೂರು ನಾನೂರು ಸಲ ಲೂರ್, ಅಂದರೆ ನಕಲಿ ಎರೆ, ಎಸೆಯುವವರ ಮಣಿಕಟ್ಟಿಗೆ ಆ ಗ್ರಾಮುಗಳ ಬೆಲೆ ಗೊತ್ತು. ದೋಣಿಯಲ್ಲಿ ಆಳ ಸಮುದ್ರಕ್ಕೆ ಹೋಗಿ ದೊಡ್ಡ ಅಂಜಲ್, ಗೇದರೆ ಹಿಂದೆ ಬೀಳುವವರಿಗೂ ಅರ್ಥ ಇದೆ. ಒಂದೇ ದಿನ ರೀಲು ಇಡೀ ವರ್ಷದ ಪೆಟ್ಟು ತಿನ್ನುತ್ತದೆ ಅಲ್ಲಿ. ರಾಡನ್ನು ಕವೆಗೆ ಆನಿಸಿ ಬೆಂಡು ನೋಡುವವರಿಗೆ ತೂಕ ಕವೆಗೆ ಬೀಳುತ್ತದೆ, ಕೈಗಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಯಾರಿಗಾದರೂ ಸುಮ್ನೆ ಆಸೆಗೆ ಸ್ಟೆಲ್ಲಾ ಬೇಕು ಅಂದರೆ ನಾನೇನೂ ಬೇಡ ಅನ್ನುವುದಿಲ್ಲ. ಕೈಗಡಿಯಾರಕ್ಕೆ ಲಕ್ಷ ಕೊಡುವವರಿದ್ದಾರೆ. ಮೀನಿಗಾಗಿ ಅಂತ ಮಾತ್ರ ಮನೆಯಲ್ಲಿ ಹೇಳಬೇಡಿ.

ಮೂರನೇ ಹೆಜ್ಜೆ: ಸೈಜು

ಚುಟುಕಾಗಿ ಮುಗಿಸುತ್ತೇನೆ. ಇಲ್ಲಿನ ಅಂಕಿ ಬೆಲೆಯಲ್ಲ, ರೀಲಿನ ಸೈಜು; ಅಂಕಿ ದೊಡ್ಡದಾದಷ್ಟೂ ರೀಲು ದೊಡ್ಡದು. ಜಿಲೇಬಿ, ಕಾಣೆಗೆ 2000 ಅಥವಾ 2500. ಕೆರೆಯ ರೋಹು, ಕಾಟ್ಲಾ, ಕುಚ್ಚಿಗೆ 3000 ಅಥವಾ 4000. ಕಡಲ ದಡದಿಂದ ದೂರ ಎಸೆಯಲು 5000, 6000. ಒಂದೇ ರೀಲು ಕೊಳ್ಳುವುದಾದರೆ 4000 ತಗೊಳ್ಳಿ. ಅಂಕಿ ಎಲ್ಲ ಕಂಪನಿಗೂ ಪಕ್ಕಾ ಒಂದೇ ಅಲ್ಲ. ಡಬ್ಬದ ಮೇಲೆ ಎಷ್ಟು ದಪ್ಪದ ಲೈನು ಎಷ್ಟು ಮೀಟರ್ ಹಿಡಿಸುತ್ತದೆ ಅಂತ ಬರೆದಿರುತ್ತಾರೆ, ಅದನ್ನೇ ನಂಬಿ.

ನಾಲ್ಕನೇ ಹೆಜ್ಜೆ: ಅಂಗಡಿಯಲ್ಲಿ ಐದು ನಿಮಿಷ

ಸಾಧ್ಯ ಆದರೆ ರೀಲನ್ನು ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಿ. ಜೇಬಲ್ಲಿ ಎರಡು ಮೀಟರ್ ಲೈನು ಇಟ್ಟುಕೊಂಡು ಹೋಗಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಹಿಡಿಯನ್ನು ಜೋರಾಗಿ ತಿರುಗಿಸಿ ಬಿಡಬೇಡಿ. ಎಲ್ಲ ಹೊಸ ರೀಲೂ ಹಾಗೆ ತಿರುಗುತ್ತದೆ. ಒಂದು ಸುತ್ತಿಗೆ ಐದು ಸೆಕೆಂಡ್ ಆಗುವಷ್ಟು ನಿಧಾನಕ್ಕೆ ತಿರುಗಿಸಿ. ಎಲ್ಲಾದರೂ ಒಂದು ಜಾಗದಲ್ಲಿ ಹಲ್ಲು ತಡೆದಂತೆ ಅನಿಸಿದರೆ ಕೆಳಗಿಡಿ. ಆಮೇಲೆ ಹಿಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ. ಹಿಂದಕ್ಕೆ ತಿರುಗದ ಹಾಗೆ ತಕ್ಷಣ ನಿಲ್ಲಬೇಕು. ಟಕ್ ಟಕ್ ಅಂತ ಸಡಿಲ ಇದ್ದರೆ ಅದು ಮುಂದೆ ಜಾಸ್ತಿಯೇ ಆಗುತ್ತದೆ.

ಹಿಡಿ ಹೇಗೆ ಜೋಡಿಸಿದ್ದಾರೆ ನೋಡಿ. ಒಳ್ಳೆಯದರಲ್ಲಿ ಹಿಡಿಯೇ ಬೋಲ್ಟಿನ ಹಾಗೆ ಗೇರಿನೊಳಗೆ ತಿರುಚಿಕೊಂಡು ಕೂರುತ್ತದೆ. ಅಗ್ಗದ್ದರಲ್ಲಿ ಒಂದು ಕಡ್ಡಿ ಆಚೆ ಈಚೆ ತೂರಿಸಿ, ಆ ಬದಿಯಿಂದ ಸಣ್ಣ ತಿರುಪು ಹಾಕಿರುತ್ತಾರೆ. ಎರಡನೆಯದರಲ್ಲಿ ಆಟ ಬರುವುದು ಖಂಡಿತ. ಕೆರೆಗೆ ಪರವಾಗಿಲ್ಲ.

ಲೈನನ್ನು ಸ್ಪೂಲಿಗೆ ಸುತ್ತಿಸುವ, ಬೇಲ್ ಅನ್ನುವ ತಂತಿಯನ್ನು ಇಪ್ಪತ್ತು ಸಲ ತೆಗೆದು ಮುಚ್ಚಿ. ಅರ್ಧಕ್ಕೆ ನಿಲ್ಲಬಾರದು. ಜೇಬಿನ ಲೈನನ್ನು ರೋಲರಿನ ಮೇಲೆ ಹಾಯಿಸಿ ಎರಡೂ ಕೈಯಲ್ಲಿ ಹಿಡಿದು ಬಿಗಿಯಾಗಿ ಎಳೆಯಿರಿ. ರೋಲರ್ ತಿರುಗುತ್ತದೆಯೋ, ಲೈನು ಸುಮ್ಮನೆ ಉಜ್ಜುತ್ತದೆಯೋ ಕಣ್ಣಿಗೇ ಕಾಣುತ್ತದೆ. ಕಡೆಗೆ ಅದೇ ಲೈನನ್ನು ಸ್ಪೂಲಿಗೆ ನಾಲ್ಕು ಸುತ್ತು ಸುತ್ತಿ ಕಟ್ಟಿ, ಡ್ರ್ಯಾಗ್ ಅರ್ಧ ಬಿಗಿ ಮಾಡಿ ನಿಧಾನಕ್ಕೆ ಎಳೆಯಿರಿ. ಮೊದಲ ಜಗ್ಗಿಗೆ ತಡೆದು ಆಮೇಲೆ ಜಾರಿದರೆ ಅದು ಕೆಟ್ಟ ಡ್ರ್ಯಾಗ್. ಎಳೆದ ಕೂಡಲೇ ಒಂದೇ ಸಮನೆ ಬಂದರೆ ಒಳ್ಳೆಯದು. ಐದು ಸಾವಿರದ ರೀಲಿನಲ್ಲಿ ಇದು ಸರಿ ಇದ್ದು ಹನ್ನೆರಡು ಸಾವಿರದ್ದರಲ್ಲಿ ಸರಿ ಇಲ್ಲದ್ದನ್ನೂ ನೋಡಿದ್ದೇನೆ.

ಬಿಡಿಭಾಗ ಸಿಗುತ್ತದಾ ಅಂತ ಕೇಳಿ. ಬೇಲಿನ ಸ್ಪ್ರಿಂಗ್ ಮುರಿದರೆ ಏನು ಮಾಡಲಿ ಅಂತ ನೇರವಾಗಿ ಕೇಳಿ. 'ಇನ್ನೊಂದು ತಗೊಳ್ಳಿ ಸಾರ್' ಅನ್ನುವ ಉತ್ತರ ಬಂದರೆ ಅದು ಸಾವಿರದೈನೂರರ ಕೆಳಗಿನ ರೀಲಾಗಿರಬೇಕು. ಮೇಲಿನದ್ದಾದರೆ ಒಪ್ಪಬೇಡಿ. ಪೆನ್ 1932ರಿಂದ ರೀಲು ಮಾಡುತ್ತಿರುವ ಅಮೆರಿಕದ ಕಂಪನಿ. ಅವರ ಹಳೇ ರೀಲುಗಳನ್ನು ಜನ ಇನ್ನೂ ಬಿಚ್ಚಿ ಜೋಡಿಸಿ ಬಳಸುತ್ತಿರುವುದು ಬಿಡಿಭಾಗ ಸಿಗುವುದರಿಂದ. ಬಿಲ್ ಇಲ್ಲದೆ ದೊಡ್ಡ ಹೆಸರಿನ ರೀಲನ್ನು ಅರ್ಧ ಬೆಲೆಗೆ ಕೊಡುತ್ತೇನೆ ಅಂದರೆ ನಕಲಿ ಇರಬಹುದು, ಎಚ್ಚರ.

ಐದನೇ ಹೆಜ್ಜೆ: ಪೂರ್ತಿ ದುಡ್ಡನ್ನು ರೀಲಿಗೇ ಸುರಿಯಬೇಡಿ

ಕೈಯಲ್ಲಿ ಹತ್ತು ಸಾವಿರ ಇದೆ ಅಂದುಕೊಳ್ಳಿ. ಎಂಟು ಸಾವಿರದ ರೀಲು, ಸಾವಿರದೈನೂರರ ರಾಡು, ಉಳಿದದ್ದರಲ್ಲಿ ಯಾವುದೋ ಲೈನು. ತುಂಬಾ ಜನ ಮಾಡುವುದು ಇದನ್ನೇ. ಆ ಲೈನು ಒಂದೇ ಮಳೆಗಾಲಕ್ಕೆ ಮೊರಮೊರ ಆಗುತ್ತದೆ.

ನಾನಾದರೆ ನಾಲ್ಕು ಸಾವಿರ ರೀಲಿಗೆ, ಮೂರುವರೆ ರಾಡಿಗೆ, ಸಾವಿರದ ಇನ್ನೂರು ಲೈನಿಗೆ ಹಾಕುತ್ತೇನೆ. ಉಳಿದದ್ದರಲ್ಲಿ ಒಳ್ಳೆಯ ಹುಕ್ಕು, ಲೈನು ತಿರುಚದ ಹಾಗೆ ತಡೆಯುವ ಸ್ವಿವೆಲ್, ಸೀಸದ ಗುಂಡು. ಮೀನಿಗೂ ನಿಮಗೂ ನಡುವೆ ಇರುವುದರಲ್ಲಿ ಮೀನಿಗೆ ಮೊದಲು ತಾಗುವುದು ಹುಕ್ಕು, ಆಮೇಲೆ ಗಂಟು, ಆಮೇಲೆ ಲೈನು. ರೀಲಿನ ಸರದಿ ಬರುವುದು ಕೊನೆಗೆ. ಮೊಂಡು ಹುಕ್ಕು ಹಾಕಿಕೊಂಡು ಸ್ಟ್ರಾಡಿಕ್‌ನಂಥ ದುಬಾರಿ ರೀಲು ತಿರುಗಿಸಿ ಏನು ಬಂತು?

ಬ್ರೇಡ್ ಲೈನು ಹಾಕುವವರು ಸ್ಪೂಲಿನ ತಳಕ್ಕೆ ಮೊದಲು ಹತ್ತಿಪ್ಪತ್ತು ಸುತ್ತು ತಂಗೂಸಿ ಸುತ್ತಿ. ಬ್ರೇಡ್ ನುಣುಪು. ಬರೀ ಲೋಹದ ಮೇಲೆ ಸುತ್ತಿದರೆ ಇಡೀ ಸುರುಳಿಯೇ ಸ್ಪೂಲಿನ ಮೇಲೆ ಜಾರುತ್ತದೆ. ಡ್ರ್ಯಾಗ್ ಕೆಟ್ಟಿದೆ ಅಂತ ರೀಲನ್ನು ಬೈದು ವಾಪಸ್ ಕೊಡಲು ಹೋದ ಒಬ್ಬರ ರೀಲಿನಲ್ಲಿ ಆಗಿದ್ದು ಇಷ್ಟೇ. ಲೈನು ಸ್ಪೂಲಿನ ಅಂಚಿಗಿಂತ ಎರಡು ಮಿಲಿಮೀಟರ್ ಕೆಳಗೆ ನಿಲ್ಲಲಿ. ಕಮ್ಮಿ ತುಂಬಿದರೆ ದೂರ ಹೋಗುವುದಿಲ್ಲ, ಜಾಸ್ತಿ ತುಂಬಿದರೆ ಗುಂಪಾಗಿ ಹಾರಿ ಗಂಟು ಬೀಳುತ್ತದೆ.

ಆರನೇ ಹೆಜ್ಜೆ: ಎರಡು ಲೀಟರ್ ಬಾಟಲಿಯಿಂದ ಡ್ರ್ಯಾಗ್ ಹೊಂದಿಸುವುದು

ಇದಕ್ಕೆ ದುಡ್ಡು ಬೇಡ. ನಾಲ್ಕು ಸಾವಿರದ ರೀಲು ಹದಿನಾಲ್ಕು ಸಾವಿರದ ಕೆಲಸ ಮಾಡುವುದೂ ಇಲ್ಲೇ.

ಲೈನು ತಡೆಯುವ ಭಾರದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಡ್ರ್ಯಾಗ್ ಇಡಬೇಕು. 15 ಪೌಂಡಿನ ಲೈನು ಅಂದರೆ ಸುಮಾರು 6.8 ಕಿಲೋ. ಕಾಲು ಭಾಗ 1.7 ಕಿಲೋ, ಮೂರನೇ ಒಂದು ಭಾಗ 2.3 ಕಿಲೋ ಹತ್ತಿರ. ಕೂಲ್‌ಡ್ರಿಂಕಿನ ಎರಡು ಲೀಟರ್ ಬಾಟಲಿಗೆ ಪೂರ್ತಿ ನೀರು ತುಂಬಿದರೆ ಎರಡು ಕಿಲೋ. ಸರಿಯಾಗಿ ನಡುವೆ ಬಂತು.

ಲೈನನ್ನು ರಾಡಿನ ಎಲ್ಲ ಬಳೆಗಳಿಂದ ಹಾಯಿಸಿ ಬಾಟಲಿಯ ಕುತ್ತಿಗೆಗೆ ಕಟ್ಟಿ. ಡ್ರ್ಯಾಗ್ ಪೂರ್ತಿ ಸಡಿಲ ಇಟ್ಟು ರಾಡನ್ನು ಮೀನು ಎಳೆಯುವಾಗ ಹಿಡಿಯುವ ಓರೆಯಲ್ಲೇ ನಿಧಾನಕ್ಕೆ ಎತ್ತಿ. ಬಾಟಲಿ ಏಳುವುದಿಲ್ಲ, ಸ್ಪೂಲ್ ತಿರುಗುತ್ತದೆ. ಗುಬ್ಬಿಯನ್ನು ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಹೋಗಿ. ಬಾಟಲಿ ನೆಲ ಬಿಟ್ಟು ಮೇಲೆದ್ದು, ಕೈ ಸ್ವಲ್ಪ ಅಲುಗಿಸಿದರೆ ಲೈನು ಬಿಡುವ ಹದ ಸಿಕ್ಕಿತಾ? ಅಲ್ಲಿಗೆ ನಿಲ್ಲಿಸಿ. ಆ ಬಿಗಿ ಎಷ್ಟು ಅಂತ ಕೈಯಿಂದ ಲೈನು ಎಳೆದು ನೆನಪಿಟ್ಟುಕೊಳ್ಳಿ. ಮೊದಲ ಸಲ ಮಾಡಿದವರೆಲ್ಲ ಹೇಳುವ ಮಾತು, "ಇಷ್ಟು ಬಿಗಿನಾ?" ಅಥವಾ "ಇಷ್ಟೇನಾ?"

ಒಂದು ಸಂಗತಿ ಗಮನದಲ್ಲಿರಲಿ. ಮೀನು ಲೈನು ಎಳೆದುಕೊಂಡು ಹೋದ ಹಾಗೆ ಸ್ಪೂಲಿನ ಮೇಲಿನ ಸುರುಳಿ ಸಣ್ಣದಾಗುತ್ತದೆ, ಅದರ ಜೊತೆಗೆ ಡ್ರ್ಯಾಗಿನ ಬಿಗಿ ತಾನಾಗಿಯೇ ಏರುತ್ತದೆ. ಸುರುಳಿಯ ಅಗಲ ಅರ್ಧಕ್ಕೆ ಇಳಿದರೆ ಬಿಗಿ ಎರಡು ಪಟ್ಟು. ಅದಕ್ಕೇ ಮೀನು ದೂರ ಓಡಿದಾಗ ಗುಬ್ಬಿ ಇನ್ನೂ ಬಿಗಿ ಮಾಡಬಾರದು. ಎಲ್ಲರ ಕೈ ಹೋಗುವುದೇ ಅಲ್ಲಿಗೆ.

ಇನ್ನೊಂದು ಕೆಟ್ಟ ಅಭ್ಯಾಸ. ಡ್ರ್ಯಾಗ್ ಜಾರುತ್ತಿರುವಾಗಲೂ ಹಿಡಿ ತಿರುಗಿಸುತ್ತಲೇ ಇರುವುದು. ಮೀನು ಒಂದಿಂಚೂ ಹತ್ತಿರ ಬರುವುದಿಲ್ಲ. 5.2:1 ಗೇರಿನ ರೀಲಾದರೆ, ಅಂದರೆ ಹಿಡಿ ಒಂದು ಸುತ್ತು ಬಂದಾಗ ಬೇಲ್ ಐದು ಸುತ್ತಿಗಿಂತ ತುಸು ಹೆಚ್ಚು ಬರುವ ರೀಲಾದರೆ, ಹಿಡಿಯ ಒಂದೊಂದು ಸುತ್ತಿಗೂ ಲೈನಿಗೆ ಐದು ತಿರುಚು ಬೀಳುತ್ತದೆ. ಮೀನು ಓಡುವಾಗ ಓಡಲು ಬಿಡಿ. ನಿಂತಾಗ ರಾಡನ್ನು ಮೇಲೆತ್ತಿ ಎಳೆದು, ರಾಡು ಇಳಿಸುತ್ತಾ ಲೈನು ಸುತ್ತಿಕೊಳ್ಳಿ. ಭಾರ ಎತ್ತುವ ಕೆಲಸ ರಾಡಿನದ್ದು. ಗೇರಿನ ಹಲ್ಲು ಉಳಿಯುತ್ತದೆ.

ಏಳನೇ ಹೆಜ್ಜೆ: ಮನೆಗೆ ಬಂದ ಮೇಲೆ ಹತ್ತು ನಿಮಿಷ

ನನ್ನ ಲೆಕ್ಕ ಹೀಗಿದೆ. ಸಾವಿರದ ರೀಲು ಕಡಲಲ್ಲಿ ಒಂದು ಸೀಸನ್ ಬಂದರೆ ಪುಣ್ಯ. ವಾರಕ್ಕೊಮ್ಮೆ ಹೋಗುವವರಿಗೆ ಐದು ವರ್ಷಕ್ಕೆ ಐದು ರೀಲು, ಜೊತೆಗೆ ಕಳೆದುಕೊಂಡ ಮೀನು. ಎಂಟು ಸಾವಿರದ್ದು ಒಂದೇ ಐದು ವರ್ಷ ಬಂದರೆ ವರ್ಷಕ್ಕೆ ಸಾವಿರದ ಆರುನೂರು. ಹೊರೆ ಅನ್ನಿಸುವಷ್ಟು ವ್ಯತ್ಯಾಸ ಅಲ್ಲ ಇದು. ಆದರೆ ಐದು ವರ್ಷ ಬರುವುದು ತೊಳೆದರೆ ಮಾತ್ರ. ತೊಳೆಯದವರಿಗೆ ಎಂಟು ಸಾವಿರದ್ದೂ ಎರಡನೇ ಮಳೆಗಾಲ ಕಾಣುವುದಿಲ್ಲ.

ಮೊದಲು ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ, ನೀರು ಒಳಗೆ ಹೋಗಬಾರದು. ಸಿಹಿನೀರನ್ನು ಮಗ್ಗಿನಲ್ಲಿ ಸಣ್ಣಗೆ ಸುರಿಯಿರಿ. ಪೈಪಿನಿಂದ ರಭಸವಾಗಿ ಬಿಡಬೇಡಿ, ಉಪ್ಪು ಒಳಗೆ ತಳ್ಳಿದ ಹಾಗಾಗುತ್ತದೆ. ಬಕೆಟ್ಟಿನಲ್ಲಿ ಅದ್ದಬೇಡಿ. ಕೊಡವಿ, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ. ಒಣಗಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ ಇಡಿ. ಬಿಗಿಯಾಗಿಯೇ ಬಿಟ್ಟರೆ ಫೆಲ್ಟ್ ಬಿಲ್ಲೆಗಳು ಚಪ್ಪಟೆಯಾಗಿ ಕಚ್ಚಿಕೊಳ್ಳುತ್ತವೆ.

ರೋಲರ್, ಹಿಡಿಯ ಗುಬ್ಬಿ, ಬೇಲಿನ ಕೀಲು, ಈ ಮೂರು ಕಡೆ ತಿಂಗಳಿಗೊಮ್ಮೆ ಒಂದೊಂದು ಹನಿ ಎಣ್ಣೆ. ಹೊಲಿಗೆ ಯಂತ್ರದ ಎಣ್ಣೆ ಸಾಕು. ತೆಂಗಿನೆಣ್ಣೆ ಮಾತ್ರ ಬೇಡ. ನಮ್ಮ ಕಡೆ ಬೀಗದಿಂದ ಬಾಗಿಲವರೆಗೆ ಎಲ್ಲದಕ್ಕೂ ಅದನ್ನೇ ಬಿಡುವ ಅಭ್ಯಾಸ. ಆದರೆ 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ದಿನ ಕಳೆದಂತೆ ಅಂಟಾಗುತ್ತದೆ. ಡಿಸೆಂಬರಿನಲ್ಲಿ ತೀರ್ಥಹಳ್ಳಿಯ ಕಡೆ ಬೆಳಿಗ್ಗೆ ಆರಕ್ಕೆ ರೀಲು ತಿರುಗಿಸಿ ನೋಡಿ, ಗೊತ್ತಾಗುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲದಲ್ಲಿ ದಡಕ್ಕೆ ಹೋಗಲಾಗದ ಜೂನ್, ಜುಲೈನಲ್ಲಿ ಬದಿಯ ಮುಚ್ಚಳ ಬಿಚ್ಚಿ ಗೇರಿಗೆ ಹೊಸ ಗ್ರೀಸ್ ಹಚ್ಚಿ. ಬಿಚ್ಚುವಾಗ ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಕೊನೆಗೆ ಒಂದು ವಾಷರ್ ಉಳಿದು, ಇದು ಎಲ್ಲಿಯದು ಅಂತ ತಲೆ ಕೆರೆದುಕೊಂಡ ರಾತ್ರಿಗಳು ನನಗೂ ಇವೆ.

ಆ 900 ರೂಪಾಯಿಯ ರೀಲನ್ನೂ ಹೀಗೇ ಒಂದು ಮಳೆಗಾಲದಲ್ಲಿ ಬಿಚ್ಚಿದೆ. ಫೆಲ್ಟ್ ಬಿಲ್ಲೆಗಳನ್ನು ಬಿಸಿನೀರಲ್ಲಿ ನೆನೆಸಿ, ಉಪ್ಪು ಬಿಡಿಸಿ, ಒಣಗಿಸಿ, ಗ್ರೀಸ್ ಸವರಿ ವಾಪಸ್ ಕೂರಿಸಿದೆ. ರೋಲರ್ ಕೂತುಹೋಗಿತ್ತು, ಅದನ್ನು ಏನೂ ಮಾಡಲಾಗಲಿಲ್ಲ. ಈಗ ಅದು ಅಕ್ಕನ ಮಗನ ಹತ್ತಿರ ಇದೆ. ಅವನು ಊರ ಕೆರೆಯಲ್ಲಿ ಅದರಲ್ಲೇ ಜಿಲೇಬಿ ಹಿಡಿಯುತ್ತಾನೆ. ಮೂರು ವರ್ಷವಾಯಿತು, ಇನ್ನೂ ತಿರುಗುತ್ತಿದೆ.